ಬ್ಯಾರನ್ ಗೋಡೆಯ ಪಕ್ಕದ ಎಕ್ಸ್‌ಚೇಂಜು

ಆ ಪವರ್ ಸಪ್ಲೈ ಕಾರ್ಡು ಮೂರನೇ ಸಲ ಸತ್ತು ನನ್ನ ಮೇಜಿಗೆ ಬಂದಾಗ ನನಗೆ ಮೊದಲು ಬಂದದ್ದು ಸಿಟ್ಟು. ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ, ಕಂಪಲಾಪುರದಿಂದ ಒಳಕ್ಕೆ ಹೋಗುವ ಒಂದು ಹಳ್ಳಿಯ ಟೆಲಿಫೋನ್ ಎಕ್ಸ್‌ಚೇಂಜಿನದು ಅದು. ಹೋದ ವರ್ಷದ ಮಳೆಗಾಲದಲ್ಲಿ ಒಂದು ಕೆಟ್ಟಿತ್ತು. ಈ ಮಳೆಗಾಲದಲ್ಲಿ ಆಗಲೇ ಎರಡು. ಈ ಕಾರ್ಡು ಸತ್ತರೆ ಎಕ್ಸ್‌ಚೇಂಜು ಸತ್ತಂತೆ, ಸುತ್ತಲಿನ ಊರುಗಳ ಫೋನೆಲ್ಲ ಒಂದೇ ಏಟಿಗೆ ಮೂಕ.

ತೊಂಬತ್ತರ ದಶಕದ ನಡುವಿನ ಮಾತು. ಹಳ್ಳಿ ಎಕ್ಸ್‌ಚೇಂಜುಗಳಿಗೆ ಇಂಥ ಕಾರ್ಡು ತಯಾರಿಸುವ ಮೈಸೂರಿನ ಒಂದು ಕಾರ್ಖಾನೆಯಲ್ಲಿ ನನ್ನ ಕೆಲಸ. ಯಾವ ಕಾರ್ಡು ಎಷ್ಟು ಬಾಳಿಕೆ ಬಂದೀತು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಹೇಳುವುದು. ನಮ್ಮ ಮ್ಯಾನೇಜರಿಗೆ ನನ್ನ ಲೆಕ್ಕ ಬೇಕಾಗುತ್ತಿದ್ದದ್ದು ಅವರ ಮಾತಿಗೆ ಮೊಹರು ಒತ್ತುವುದಕ್ಕೆ ಮಾತ್ರ.

"ಇದೇ ಕಾರ್ಡು ಎಚ್.ಡಿ. ಕೋಟೆ ಕಾಡಂಚಲ್ಲಿ ಓಡ್ತಿದೆ, ಕೆ.ಆರ್. ನಗರದಲ್ಲಿ ಓಡ್ತಿದೆ," ಅಂದರು. "ಇದೊಂದೇ ಕಡೆ ಸಾಯುತ್ತೆ ಅಂದ್ರೆ ತಪ್ಪು ಕಾರ್ಡಿಂದಾ, ಅಲ್ಲಿರೋ ಮನುಷ್ಯಂದಾ? ಸಾಫ್ಟ್‌ವೇರ್ ರನ್ ಮಾಡಿ, ಪ್ರಿಂಟ್ ತೆಗೀರಿ, ಕೆಳಗೆ ‘ನಿರ್ವಹಣೆಯ ಲೋಪ’ ಅಂತ ಒಂದು ಸಾಲು ಬರೀರಿ. ಹುಣಸೂರಲ್ಲಿ ಟೆಲಿಫೋನ್ ಇಲಾಖೆಯವರ ಜೊತೆ ಮೀಟಿಂಗ್ ಇದೆ."

ಅಲ್ಲಿರುವ ಮನುಷ್ಯ ಎಂದರೆ ಆ ಎಕ್ಸ್‌ಚೇಂಜ್ ನೋಡಿಕೊಳ್ಳುತ್ತಿದ್ದ ಲೈನ್‌ಮನ್. ಹಲವು ವರ್ಷ ದಿನಗೂಲಿಯ ಮೇಲೆ ಕಂಬ ಹತ್ತಿದವನು. ಅವನನ್ನು ಖಾಯಂ ಮಾಡುವ ಕಡತ ಅದೇ ವರ್ಷ ಮೇಲಕ್ಕೆ ಹೋಗಿತ್ತು. ನಾನು ಬರೆಯಬೇಕಾಗಿದ್ದ ಆ ಒಂದು ಸಾಲು ಕಡತದ ಮೇಲೆ ಬಿದ್ದರೆ ಅವನ ಹೆಸರು ಪಟ್ಟಿಯಿಂದ ಹೋಯಿತು ಎಂದೇ ಅರ್ಥ. ಇದನ್ನು ಮ್ಯಾನೇಜರೇ ನನಗೆ ಹೇಳಿದರು, ಊಟಕ್ಕೆ ಏನು ತಂದಿದ್ದೀರಿ ಎಂದು ಕೇಳುವಷ್ಟು ಸಲೀಸಾಗಿ.

ಆ ಸಾಫ್ಟ್‌ವೇರಿನ ಕೆಲಸ ಇಷ್ಟೆ. ಕಾರ್ಡಿನಲ್ಲಿರುವ ಬಿಡಿಭಾಗಗಳನ್ನೆಲ್ಲ ಒಂದೊಂದಾಗಿ ತುಂಬಬೇಕು. ಯಾವ ದರ್ಜೆಯದು, ಎಷ್ಟು ವೋಲ್ಟೇಜಿನ ಹೊರೆ ಹೊರುತ್ತದೆ, ಸುತ್ತ ಶಾಖವೆಷ್ಟು ಎಂದು ಕೊಡಬೇಕು. ಇಂತಿಷ್ಟು ಗಂಟೆಗೆ ಇಂತಿಷ್ಟು ಕೆಡಬಹುದು ಎಂದು ವೈಫಲ್ಯ ದರ ಕೊಡುತ್ತದೆ. ಒಂದೇ ಕಾರ್ಡನ್ನು ಬೇರೆ ಬೇರೆ ಸ್ಥಿತಿಯಲ್ಲಿಟ್ಟು ಹೋಲಿಸಿ ನೋಡಬಹುದು. ಆದರೆ ಶುದ್ಧ ಆಜ್ಞಾಧಾರಕ ಪ್ರಾಣಿ ಅದು, ಕೇಳಿದ್ದಕ್ಕಷ್ಟೇ ಉತ್ತರ. ಸುಳ್ಳು ಶಾಖ ಕೊಟ್ಟರೆ ಸುಳ್ಳು ಆಯಸ್ಸನ್ನೇ ದಶಾಂಶ ಬಿಂದು ಸಮೇತ ಹೇಳುತ್ತದೆ.

ಮೂವತ್ತು ಡಿಗ್ರಿ ಕೊಟ್ಟೆ, ಕಾರ್ಡು ವರ್ಷಗಟ್ಟಲೆ ಬಾಳುತ್ತದೆ ಎಂದಿತು. ಬೇಸಿಗೆಯ ನಲವತ್ತು ಕೊಟ್ಟೆ, ಆಗಲೂ ಅಂಥ ಅಪಾಯವಿಲ್ಲ. ಬೇಸಿಗೆಯಲ್ಲೇ ಸಾಯದ್ದು ಮಳೆಗಾಲದಲ್ಲೇಕೆ ಸಾಯಬೇಕು? ಕೊಡಗಿನ ಗಾಳಿ ಬೀಸಿ ಹಲ್ಲು ಕಟಕಟ ಎನ್ನುವ ಕಾಲದಲ್ಲಿ ಪಿರಿಯಾಪಟ್ಟಣಕ್ಕೆ ಸೆಕೆ ಎಲ್ಲಿಂದ ಬರಬೇಕು? ನೋಡದೆ ಬರೆಯುವವಳಲ್ಲ ನಾನು. ಥರ್ಮಾಮೀಟರ್ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

ಮೊದಲ ಭೇಟಿ ನನ್ನ ಪಾಲಿಗೆ ಪೂರಾ ದಂಡವಾಯಿತು. ಎಕ್ಸ್‌ಚೇಂಜಿದ್ದದ್ದು ಊರಾಚೆ, ಬಾಡಿಗೆಯ ಒಂದು ಕೋಣೆಯಲ್ಲಿ. ಲೈನ್‌ಮನ್ ಕೋಣೆಯನ್ನು ದೇವರ ಮನೆಯ ಹಾಗೆ ಇಟ್ಟಿದ್ದ. ಕಾರ್ಡುಗಳನ್ನು ಸಿಕ್ಕಿಸಿದ ಆಳೆತ್ತರದ ಕಬ್ಬಿಣದ ರ‍್ಯಾಕಿಗೆ ಕುಂಕುಮದ ಬೊಟ್ಟು, ಮೇಲೊಂದು ಸೇವಂತಿಗೆ ಹೂವು. ಗಾಳಿಕಿಂಡಿಗಳಿಗೆ ಮಾತ್ರ ಗೋಣಿಚೀಲ ತುರುಕಿದ್ದ.

"ಇದೇನ್ರೀ ಇದು, ಯಂತ್ರಕ್ಕೆ ಉಸಿರು ಬೇಡವಾ?" ಎಂದು ರೇಗಿದೆ.

"ಥಂಡಿ ನುಗ್ತದೆ ಮೇಡಂ," ಅಂದ. "ಈ ಮಳೇಲಿ ಬೆಂಕಿಪೊಟ್ಣನೇ ಅಂಟಾಕಿಲ್ಲ. ಇನ್ನು ಮಿಷನ್ ಬದುಕ್ತದಾ?"

ಥರ್ಮಾಮೀಟರ್ ಇಪ್ಪತ್ತೇಳು ತೋರಿಸಿತು. ಪಕ್ಕಕ್ಕೆ ಅಂಟಿಕೊಂಡ ಎತ್ತರದ ಕಟ್ಟಡದ ಬಾಗಿಲು ತೆರೆದಿತ್ತು. ಆಳುಗಳು ಕಡ್ಡಿಗೆ ಕಟ್ಟಿದ ಹಳದಿ ಸೊಪ್ಪನ್ನು ಹೊತ್ತು ಹೊರಗೆ ತರುತ್ತಿದ್ದರು. ನಾನು ಕೆ.ಆರ್. ನಗರದ ನಾಲೆ ಬಯಲಿನವಳು. ಭತ್ತದ ಬಗ್ಗೆ ಕೇಳಿ, ಹೇಳುತ್ತೇನೆ, ಹೊಗೆಸೊಪ್ಪಿನ ಗಂಧಗಾಳಿ ಇಲ್ಲ. ಯಾವುದೋ ಉಗ್ರಾಣವಿರಬೇಕು ಎಂದುಕೊಂಡು ವಾಪಸು ಬಂದೆ.

ಗಾಳಿಕಿಂಡಿ ಮುಚ್ಚಿದ್ದನ್ನು ಲೆಕ್ಕಕ್ಕೆ ತೆಗೆದುಕೊಂಡು ಶಾಖವನ್ನು ಸ್ವಲ್ಪ ಏರಿಸಿ ಮತ್ತೆ ರನ್ ಮಾಡಿದೆ. ದರ ಅಷ್ಟಿಷ್ಟು ಏರಿತು. ಎರಡು ಮಳೆಗಾಲದಲ್ಲಿ ಮೂರು ಸಾವಿಗೆ ಅದು ಯಾವ ಮೂಲೆಗೂ ಸಾಲದು.

"ಆಯ್ತಲ್ಲ?" ಅಂದರು ಮ್ಯಾನೇಜರ್. "ಬರೆದು ಕೊಡಿ."

"ಇನ್ನೂ ಇಲ್ಲ ಸಾರ್," ಅಂದೆ. ಅವರು ಮುಖ ಸಿಂಡರಿಸಿಕೊಂಡು ಹೋದರು.

ಸತ್ತ ಕಾರ್ಡಿನ ಕೆಪಾಸಿಟರುಗಳನ್ನು ಕಿತ್ತು ಹ್ಯಾಕ್ಸಾದಿಂದ ಕೊಯ್ದೆ. ಹೆಬ್ಬೆರಳು ದಪ್ಪದ ಡಬ್ಬಿ ಅವು, ಒಳಗೆ ದ್ರವದಲ್ಲಿ ನೆನೆದ ಕಾಗದದ ಸುರುಳಿ. ಆ ಹಸಿ ಇರುವಷ್ಟು ದಿನ ಅದಕ್ಕೆ ಜೀವ. ಇವುಗಳ ಸುರುಳಿ ಹಪ್ಪಳದ ಹಾಗೆ ಒಣಗಿ ಮುರಿಯುತ್ತಿತ್ತು. ಥಂಡಿ ಹೊಡೆದಿದ್ದರೆ ಕಾಲಿನ ತಂತಿಗಳಿಗೆ ಕಿಲುಬು ಹತ್ತಬೇಕಿತ್ತು, ಅವು ಫಳಫಳ ಅನ್ನುತ್ತಿದ್ದವು. ಇವನ್ನು ಕೊಂದದ್ದು ಶಾಖ, ಅದರಲ್ಲಿ ಅನುಮಾನವೇ ಉಳಿಯಲಿಲ್ಲ.

ಆಗ ಲೆಕ್ಕವನ್ನು ತಲೆಕೆಳಗು ಮಾಡಿದೆ. ಇಷ್ಟು ಶಾಖಕ್ಕೆ ಎಷ್ಟು ಕೆಡುತ್ತವೆ ಎಂದು ಕೇಳುವ ಬದಲು, ಇಷ್ಟು ಬೇಗ ಕೆಡಬೇಕಾದರೆ ಎಷ್ಟು ಶಾಖವಿರಬೇಕು ಎಂದು ಹುಡುಕಿದೆ. ಐದೈದು ಡಿಗ್ರಿ ಏರಿಸುತ್ತಾ ಹೋದೆ. ಈ ಜಾತಿಯ ಕೆಪಾಸಿಟರಿಗೆ ಹತ್ತು ಡಿಗ್ರಿ ಏರಿದರೆ ಆಯಸ್ಸು ಅರ್ಧ. ಕೊನೆಗೆ ಸಾವಿನ ಲೆಕ್ಕ ತಾಳೆಯಾದದ್ದು ಅರವತ್ತೈದರ ಆಸುಪಾಸಿನಲ್ಲಿ. ಅರವತ್ತೈದು! ಬಚ್ಚಲ ಹಂಡೆಯ ನೀರೂ ಅಷ್ಟು ಕಾದರೆ ಕೈ ಅದ್ದಲಾಗುವುದಿಲ್ಲ. ಒಂದೋ ಸಾಫ್ಟ್‌ವೇರಿಗೆ ತಲೆಕೆಟ್ಟಿದೆ, ಇಲ್ಲವೇ ಆ ಕೋಣೆ ನನಗೆ ಪೂರ್ತಿ ಮುಖ ತೋರಿಸಿಲ್ಲ. ಯಾರಿಗೂ ಹೇಳದೆ ಮತ್ತೆ ಬಸ್ಸು ಹತ್ತಿದೆ.

ಜಿಟಿಜಿಟಿ ಮಳೆ. ಎಕ್ಸ್‌ಚೇಂಜಿನ ಬಾಗಿಲು ತೆರೆದಿತ್ತು, ಲೈನ್‌ಮನ್ ಇರಲಿಲ್ಲ. ಮೂಲೆಯಲ್ಲಿ ಕಂಬಳಿ ಹೊದ್ದ ಅಜ್ಜಿಯೊಬ್ಬಳು ಗೋಡೆಗೆ ಬೆನ್ನು ಆನಿಸಿ ಕಾಲು ಚಾಚಿ ಕೂತಿದ್ದಳು.

"ಯಾರವ್ವ? ಬಾ, ಒಳೀಕ್ ಬಾ. ಅಯ್ಯೋ, ತೊಪ್ಪೆಯಾಗೋಗಿದ್ದೀಯಲ್ಲ! ಲೈನ್‌ಮನ್ನು ತಂತಿ ಕಟ್ಟಾಕೋಗವ್ನೆ, ಬತ್ತಾನೆ. ಇಂಗ್ ಬಂದು ಗೋಡೆಗೆ ಬೆನ್ ಕೊಟ್ಕಂಡು ಕೂತ್ಕೊ. ಕೀಲಲ್ಲಿರೋ ಥಂಡಿಯೆಲ್ಲ ಓಡೋಯ್ತದೆ."

ಗೋಡೆಗೆ ಕೈ ಇಟ್ಟೆ. ಅಜ್ಜಿಯ ಮೂಲೆಯಲ್ಲಿ ಹಿತವಾದ ಬಿಸಿ. ರ‍್ಯಾಕಿನ ಕಡೆಗೆ ಸರಿಸುತ್ತಾ ಹೋದಂತೆ ಕೈ ಇಡಲಾಗದಷ್ಟು ಬಿಸಿ.

"ಇದೇನಜ್ಜಿ, ಗೋಡೆ ಇಷ್ಟೊಂದು ಕಾದಿದೆ?"

"ಇದೇನ್ ಇಂಗ್ ಕೇಳೀಯೆ? ಆಚೆಕಡೀಕೆ ಬ್ಯಾರನ್ ಅಲ್ವಾ? ಸೊಪ್ಪು ಬೇಯ್ತಾ ಅದೆ. ಒಲೆ ಕೊಳವೆ ಈ ಗೋಡೆ ಮಗ್ಗುಲಲ್ಲೇ ಓಗ್ಯದೆ. ನನ್ ಮಗಂದೇ ಕಣವ್ವ ಎಲ್ಲಾವ. ಈ ರೂಮೂ ಸೊಪ್ಪು ವಿಂಗಡ್ಸಾಕೆ ಅಂತ ಕಟ್ಸಿದ್ದು. ಪೋನ್‌ನೋರು ಬಂದು ಬಾಡ್ಗೆಗೆ ಇಡ್ಕಂಡ್ರು."

ಹಣೆ ಹಣೆ ಚಚ್ಚಿಕೊಂಡೆ. ಉಗ್ರಾಣ ಎಂದುಕೊಂಡಿದ್ದ ಆ ಎತ್ತರದ ಕಟ್ಟಡವೇ ಹೊಗೆಸೊಪ್ಪು ಬೇಯಿಸುವ ಬ್ಯಾರನ್, ಬೇಯಿಸುವುದು ಮಳೆಗಾಲದಲ್ಲಿ. ಐದಾರು ದಿನ ಹಗಲೂ ರಾತ್ರಿ ಒಲೆ ಉರಿಯುತ್ತದೆ, ಆಮೇಲೆ ಸೊಪ್ಪು ಹೊರಗೆ ತೆಗೆದು ಹೊಸದನ್ನು ತುಂಬುವ ತನಕ ಆರಿರುತ್ತದೆ. ನನ್ನ ಗ್ರಹಚಾರಕ್ಕೆ ಮೊದಲ ಸಲ ಬಂದದ್ದು ಆರಿದ ದಿನ. ಥರ್ಮಾಮೀಟರನ್ನು ಪವರ್ ಕಾರ್ಡಿನ ಮಗ್ಗುಲಿಗೆ ಸಿಕ್ಕಿಸಿ ಕಾದೆ. ಅರವತ್ತು ದಾಟಿ ಮೇಲಕ್ಕೆ ಹೋಗಿ ಅರವತ್ತಾರಕ್ಕೆ ನಿಂತಿತು. ಸಾಫ್ಟ್‌ವೇರಿಗೆ ತಲೆಕೆಟ್ಟಿರಲಿಲ್ಲ. ಖುಷಿಯಲ್ಲಿ ಅಜ್ಜಿಯನ್ನು ಅಪ್ಪಿಕೊಳ್ಳುವುದೊಂದು ಬಾಕಿ.

ಆ ಖುಷಿ ನೆಲ ನೋಡುವ ತನಕ. ಕೋಣೆಯ ನಡುವೆ ಸಿಮೆಂಟಿನಲ್ಲಿ ನಾಲ್ಕು ಬೋಲ್ಟಿನ ತೂತುಗಳಿದ್ದವು, ನಡುವೆ ರ‍್ಯಾಕಿನಷ್ಟೇ ಅಗಲದ ಚೌಕ ಗುರುತು. ರ‍್ಯಾಕು ಮಾತ್ರ ಅಲ್ಲಿರಲಿಲ್ಲ, ಬಿಸಿ ಗೋಡೆಗೆ ಅಂಟಿಕೊಂಡು ನಿಂತಿತ್ತು.

ಲೈನ್‌ಮನ್ ನೆಂದುಕೊಂಡು ಬಂದ. "ಇದನ್ನ ಸರಿಸಿದ್ದು ಯಾರು?" ಎಂದು ಕೇಳಿದೆ.

"ನಾನೇ ಮೇಡಂ," ಅಂದ, ಹೆಮ್ಮೆಯಿಂದಲೇ. "ಹೋದೊರ್ಸ ಮಳೆ ಇಡ್ಕತಲ್ಲ, ಆಗ. ನಿಮ್ ಕಂಪ್ನಿ ಪುಸ್ತಕದಲ್ಲೇ ಹಾಕವ್ರಂತಲ್ಲ, ತ್ಯಾವ ಇಲ್ದಿರೋ ಜಾಗದಲ್ಲಿ ಇಡ್ಬೇಕು ಅಂತ. ನಮ್ ಆಪೀಸ್ ಸಾಹೇಬ್ರು ಓದಿ ಹೇಳುದ್ರು. ಇಡೀ ಊರ್ ಹುಡುಕುದ್ರೂ ಈ ಗೋಡೆಗಿಂತ ಒಣುಗ್ದ ಜಾಗ ಸಿಗಾಕಿಲ್ಲ. ಸೊಪ್ಪಿಗಾಗ್ಲಿ ಬಿತ್ತನೆ ಕಾಳಿಗಾಗ್ಲಿ ಥಂಡಿನೇ ಮೃತ್ಯು ಅಲ್ವಾ? ಮಿಷನ್ ಪಾಪ, ನಡುಮದ್ಯ ಥಂಡೀಲಿ ನಿಂತಿತ್ತು."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪುಸ್ತಕ ನಮ್ಮದೇ. ತೇವದ ಬಗ್ಗೆ ಅರ್ಧ ಪುಟ ಬರೆದಿದ್ದೆವು, ಬಿಸಿ ಗೋಡೆಯ ಬಗ್ಗೆ ಒಂದಕ್ಷರ ಇಲ್ಲ. ಅವನ ಪ್ರೀತಿಯೇ ಕಾರ್ಡು ಕೊಂದಿತ್ತು. ಅದನ್ನು ಬಿಡಿಸಿ ಹೇಳಿದಾಗ ಅವನು ಗೋಡೆಗೆ ಅಂಗೈ ಇಟ್ಟು ನೋಡಿ ಸರಕ್ಕನೆ ಹಿಂದಕ್ಕೆಳೆದುಕೊಂಡ.

ಸರಿಸಿದ್ದು ನಿಜ. ಆದರೆ ಸರಿಸದೇ ಇದ್ದಿದ್ದರೆ? ನನ್ನ ತಲೆಗೆ ಹೊಕ್ಕ ಪ್ರಶ್ನೆ ಅದು. ರ‍್ಯಾಕು ಮೊದಲಿನ ಜಾಗದಲ್ಲೇ ಇದ್ದು ಆಚೆ ಒಲೆ ಉರಿಯುತ್ತಿದ್ದರೆ ಕಾರ್ಡಿನ ಬಳಿ ಶಾಖ ಎಷ್ಟಿರುತ್ತದೆ? ಅಳೆಯದೆ ಗೊತ್ತಾಗುವುದಿಲ್ಲ. ರ‍್ಯಾಕನ್ನು ವಾಪಸು ನಡುವಿಗೆ ತರಬೇಕು, ಅದೂ ಎಕ್ಸ್‌ಚೇಂಜು ಓಡುತ್ತಿರುವಾಗಲೇ. ಆಫ್ ಮಾಡುವ ಅಧಿಕಾರ ನನಗೂ ಇಲ್ಲ, ಅವನಿಗೂ ಇಲ್ಲ. ಮೇಲಿನಿಂದ ಇಳಿದ ಕೇಬಲ್ಲಿನ ಒಂದು ಎಳೆ ಕಿತ್ತರೂ ಲೈನುಗಳು ಸತ್ತು, ಇಬ್ಬರ ತಲೆಯೂ ಉರುಳುತ್ತಿತ್ತು.

ಅವನು ಬುಡಕ್ಕೆ ಹಾರೆ ಕೊಟ್ಟ, ನಾನು ಸ್ಟೂಲಿನ ಮೇಲೆ ನಿಂತು ಕೇಬಲ್ಲು ಹಿಡಿದೆ. ಬೆರಳಗಲ ಸರಿಸುವುದು, ನಿಲ್ಲುವುದು, ಲೈನು ಕೆಟ್ಟರೆ ಹತ್ತುವ ದೀಪ ನೋಡುವುದು. ಅಜ್ಜಿ ಕೂತಲ್ಲಿಂದಲೇ, "ನಿಧಾನ ಕಣ್ರಪ್ಪ, ಬಸುರಿ ಹೆಂಗ್ಸುನ್ನ ಗಾಡಿ ಹತ್ತುಸ್ದಂಗೆ!" ಅನ್ನುತ್ತಿದ್ದಳು. ಒಮ್ಮೆ ಕೆಂಪು ದೀಪ ಹತ್ತಿಯೇ ಬಿಟ್ಟಿತು. "ಅಲ್ಲಾಡ್ಬೇಡಿ ಮೇಡಂ," ಎಂದು ಅವನು ಹಾರೆಯನ್ನು ಕೂದಲೆಳೆಯಷ್ಟು ಸಡಿಲಿಸಿದ. ದೀಪ ಆರಿತು. ಕೊನೆಗೂ ರ‍್ಯಾಕು ತನ್ನ ತೂತುಗಳ ಮೇಲೆ ನಿಂತಿತು.

ಮಧ್ಯಾಹ್ನ ಪೂರ್ತಿ ಕಾದು ಅಳೆದೆವು. ಕಾರ್ಡಿನ ಬಳಿ ಶಾಖ ಐವತ್ತೈದಕ್ಕೆ ಇಳಿಯಿತು. ಗೋಣಿಚೀಲ ಕಿತ್ತ ಮೇಲೆ ಇನ್ನೂ ಎರಡು ಡಿಗ್ರಿ ಕಡಿಮೆ. ಇಳಿದದ್ದೇನೋ ಹೌದು, ಆದರೆ ಆ ಕೆಪಾಸಿಟರಿಗೆ ಅದೂ ಕೆಂಡವೇ.

ನಾನು ಹೊರಟಾಗ ಅವನು ಬಸ್‌ಸ್ಟಾಪಿನ ತನಕ ಕೊಡೆ ಹಿಡಿದುಕೊಂಡು ಬಂದ. ಬಸ್ಸು ಕಾಣಿಸಿದ ಮೇಲೆ ಬಾಯಿಬಿಟ್ಟ.

"ಮೇಡಂ, ಗೋಡೆಗೆ ಸರಿಸಿದ್ದೊಂದ ಬರೀಬ್ಯಾಡಿ. ಈಗ ಮದ್ಯಕ್ಕೆ ಇಟ್ಬುಟ್ವಲ್ಲ. ನಾನು, ನೀವು, ಆ ಅಜ್ಜಿ, ಇನ್ಯಾರ‍್ಗೂ ಗೊತ್ತಿಲ್ಲ. ನನ್ ಖಾಯಂ ಆರ್ಡರು ಒಂದ್ ಬಂದ್ಬುಡ್ಲಿ."

ಬರೆಯುವುದಿಲ್ಲ ಎಂದುಬಿಡುವುದು ಎಷ್ಟು ಸುಲಭವಿತ್ತು! ಆದರೆ ನಾಳೆ ಇನ್ನೊಬ್ಬ ಬಂದು ಅಜ್ಜಿಯನ್ನು ಒಂದು ಮಾತು ಕೇಳಿದರೆ ಸಾಕು. ಬಚ್ಚಿಟ್ಟದ್ದು ಅವನೇ ಎಂದಾಗುತ್ತದೆ, ಆಮೇಲೆ ನನ್ನ ಯಾವ ಲೆಕ್ಕವನ್ನೂ ಯಾರೂ ನಂಬುವುದಿಲ್ಲ.

"ಬರೀತೀನಿ," ಅಂದೆ. "ಅದನ್ನ ಬಿಟ್ಟರೆ ಉಳಿದದ್ದಕ್ಕೂ ಬೆಲೆ ಇರಲ್ಲ. ನನ್ನ ನಂಬಿ."

ಅವನು ಕೊಡೆ ಮಡಚಿಕೊಂಡು ಮಳೆಯಲ್ಲೇ ತಿರುಗಿ ಹೋದ.

ಮೈಸೂರಿಗೆ ಬಂದವಳೇ ಅಳೆದದ್ದನ್ನು ಹಿಡಿದು ಒಂದೊಂದು ಸ್ಥಿತಿಯನ್ನೂ ಬೇರೆ ಬೇರೆ ರನ್ ಮಾಡಿದೆ. ನಡುವೆ ಇಟ್ಟು ಒಲೆ ಆರಿದಾಗ, ನಡುವೆ ಇಟ್ಟು ಒಲೆ ಉರಿಯುವಾಗ, ಗೋಡೆಗೆ ಇಟ್ಟು ಒಲೆ ಉರಿಯುವಾಗ. ಎಲ್ಲಕ್ಕೂ ಕಿಂಡಿ ಮುಚ್ಚಿ ಒಮ್ಮೆ, ತೆರೆದು ಒಮ್ಮೆ. ಇದೇ ಸಾಲುಗಳನ್ನು ಹೆಚ್ಚು ಶಾಖ ತಡೆಯುವ ದುಬಾರಿ ಕೆಪಾಸಿಟರ್ ಹಾಕಿ ಇನ್ನೊಂದು ಸುತ್ತು. ಪ್ರಿಂಟರ್ ಕಿರ್ರೆನ್ನುತ್ತಾ ಹೊರಗೆ ಹಾಕಿದ ಕೋಷ್ಟಕದ ಅರ್ಥ ಇಷ್ಟು: ಗೋಡೆಗೆ ಸರಿಸಿದ್ದು ಸಾವನ್ನು ಬೇಗ ತಂದಿತು. ಸರಿಸದೇ ಇದ್ದರೂ ಬ್ಯಾರನ್ ಪಕ್ಕದಲ್ಲಿ ಆ ಅಗ್ಗದ ಕೆಪಾಸಿಟರ್ ಸಾಯುವುದು ಸಾಯುತ್ತಿತ್ತು, ಒಂದೆರಡು ಮಳೆಗಾಲ ತಡವಾಗಿ. ದುಬಾರಿಯದು ಹಾಕಿದ್ದರೆ ಗೋಡೆಯ ಪಕ್ಕದಲ್ಲೂ ತಡೆದುಕೊಳ್ಳುತ್ತಿತ್ತು.

ಮ್ಯಾನೇಜರ್ ಕೋಷ್ಟಕದಲ್ಲಿ ಒಂದೇ ಸಾಲು ಓದಿದರು. "ಗೋಡೆಗೆ ಸರಿಸಿದಾನೆ! ಇನ್ನೇನು ಬೇಕು?"

"ಕೆಳಗಿನ ಸಾಲೂ ಓದಿ ಸಾರ್. ಸರಿಸದೇ ಇದ್ದರೂ..."

"ಅದು ಕಂಪ್ಯೂಟರ್ ಹೇಳೋ ಕಣಿ. ಹುಣಸೂರು ತಾಲ್ಲೂಕಲ್ಲಿ ಇನ್ನೊಂದು ಎಕ್ಸ್‌ಚೇಂಜ್ ಇದೆ, ಅದೂ ಬ್ಯಾರನ್ ಪಕ್ಕದ ರೂಮೇ ಅಂತೆ. ಬೋಲ್ಟ್ ಹಾಕಿದ ಜಾಗದಲ್ಲೇ ಇದೆ, ಚೆನ್ನಾಗಿ ಓಡ್ತಿದೆ. ಇದಕ್ಕೇನಂತೀರಿ?"

ಆಗ ನನಗೆ ಪೂರ್ತಿ ಅರ್ಥವಾಯಿತು. ನನ್ನ ಕೋಷ್ಟಕದಲ್ಲಿ ಆರೋಪಿಗಳು ಮೂವರು. ಅಗ್ಗದ ಕೆಪಾಸಿಟರ್ ಹಾಕಿದ ನಾವು, ಬ್ಯಾರನ್ನಿಗೆ ಅಂಟಿದ ಕೋಣೆ ಹಿಡಿದ ಇಲಾಖೆ, ರ‍್ಯಾಕು ಸರಿಸಿದ ಲೈನ್‌ಮನ್. ಮೊದಲ ಇಬ್ಬರಿಗೂ ಖರ್ಚಿಲ್ಲದೆ ಸಿಕ್ಕುವ ತಲೆ ಮೂರನೆಯವನದು. ಮೈಯೆಲ್ಲ ಉರಿದುಹೋಯಿತು.

ಹುಣಸೂರಿನ ಆ ಎಕ್ಸ್‌ಚೇಂಜಿನಲ್ಲಿ ಓಡುತ್ತಿರುವ ಕಾರ್ಡನ್ನೇ ಕಿತ್ತು ತಂದು ಅಳೆಯಬೇಕು ಎಂದು ಅವತ್ತು ತೀರ್ಮಾನಿಸಿದೆ. ಅದೇ ಕಾಲಕ್ಕೆ ಹಾಕಿದ, ಬ್ಯಾರನ್ ಕಾಣದ ಕೆ.ಆರ್. ನಗರದ ಕಾರ್ಡೊಂದನ್ನು ಜೊತೆಗಿಟ್ಟು ಹೋಲಿಸಬೇಕು. ಮ್ಯಾನೇಜರ್ ಕೆಂಡಾಮಂಡಲವಾದರು. "ಓಡ್ತಿರೋದನ್ನ ಕಿತ್ತು ನಮ್ಮ ಮುಖಕ್ಕೆ ನಾವೇ ಮಸಿ ಬಳ್ಕೊಳೋದಾ? ಹುಚ್ಚಾ ನಿಮಗೆ?" ನಾನು ಇಲಾಖೆಯ ಅಧಿಕಾರಿಗೇ ನೇರವಾಗಿ ಫೋನ್ ಮಾಡಿದೆ. ಅವರು ಒಪ್ಪಿದರು. ಕಾರ್ಡು ಚೆನ್ನಾಗಿದ್ದರೆ ಲೈನ್‌ಮನ್ ಮೇಲಿನ ಕೇಸು ಇನ್ನೂ ಗಟ್ಟಿಯಾಗುತ್ತದಲ್ಲ, ಅದಕ್ಕೇ ಒಪ್ಪಿದರು ಎಂದು ನನ್ನ ನಂಬಿಕೆ.

ಎರಡೂ ಕಡೆ ಹೊಸ ಕಾರ್ಡು ಹಾಕಿ ಹಳೆಯದನ್ನು ತಂದೆವು. ಮೊದಲೇ ಅಳೆದು ನೋಡುವ ಚಪಲ ತಡೆದುಕೊಂಡೆ, ನಾನೇ ಏನೋ ಕೈವಾಡ ಮಾಡಿದೆ ಎಂದು ಯಾರೂ ಅನ್ನಬಾರದಿತ್ತು. ಸಾಫ್ಟ್‌ವೇರ್ ಹೇಳುವುದು ಸಂಭವವನ್ನು, ಅದು ಪಂಚಾಂಗವಲ್ಲ. ಈ ಒಂದು ಕಾರ್ಡು ಹಟಕ್ಕೆ ಬಿದ್ದವರಂತೆ ಗಟ್ಟಿಯಾಗಿದ್ದರೆ ನನ್ನ ಕೈಯಾರೆ ಅವನನ್ನು ಮುಳುಗಿಸಿದಂತೆ.

ಹುಣಸೂರಿನ ಕಚೇರಿಯ ಜಗಲಿಯಲ್ಲಿ ಲೈನ್‌ಮನ್ ಇಸ್ತ್ರಿ ಮಾಡಿದ ಖಾಕಿ ಅಂಗಿ ತೊಟ್ಟು ನಿಂತಿದ್ದ. ನಾನು ತಲೆಯಾಡಿಸಿದರೆ ಅವನು ರಸ್ತೆಯ ಕಡೆ ಮುಖ ತಿರುಗಿಸಿದ.

ಒಳಗೆ ಮ್ಯಾನೇಜರ್ ಗೋಡೆಯ ಸಾಲನ್ನು ಎರಡೆರಡು ಸಲ ಗಟ್ಟಿಯಾಗಿ ಓದಿದರು. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು.

"ಬರೆಯೋ ಮುಂಚೆ ಇವನ್ನ ಅಳೆಯೋಣ ಸಾರ್," ಎಂದು ಎರಡು ಕಾರ್ಡನ್ನೂ ಮೀಟರನ್ನೂ ಮೇಜಿನ ಮೇಲಿಟ್ಟೆ. "ಕೆ.ಆರ್. ನಗರದ್ದು ಚೆನ್ನಾಗಿರಬೇಕು. ಈ ಬ್ಯಾರನ್ ಪಕ್ಕದ್ದು ಒಳಗೆ ಒಣಗಿ ಅರೆಜೀವ ಆಗಿರಬೇಕು, ರ‍್ಯಾಕು ಯಾರೂ ಮುಟ್ಟದೇ ಇದ್ದರೂ."

ಕೆ.ಆರ್. ನಗರದ ಕಾರ್ಡಿನ ಕೆಪಾಸಿಟರುಗಳು ಮೈಮೇಲೆ ಬರೆದುಕೊಂಡಿದ್ದ ಅಳತೆಯನ್ನೇ ಹೆಚ್ಚುಕಡಿಮೆ ತೋರಿಸಿದವು. ಹುಣಸೂರಿನ ಕಾರ್ಡಿನ ಮೊದಲನೆಯದಕ್ಕೆ ಮೀಟರಿನ ಕಡ್ಡಿ ಮುಟ್ಟಿಸಿದೆ. ಅದೂ ಅಷ್ಟೇ ತೋರಿಸಿತು. ಕೂದಲಷ್ಟೂ ಕಡಿಮೆಯಿಲ್ಲ.

"ಆಯ್ತಲ್ಲಮ್ಮ," ಎಂದು ಮ್ಯಾನೇಜರ್ ಕುರ್ಚಿಗೆ ಒರಗಿದರು.

ನಾನು ಮೊಣಕೈಯನ್ನು ಮೇಜಿಗೆ ಊರಿ ಎರಡನೆಯದಕ್ಕೆ ಮುಟ್ಟಿಸಿದೆ. ಮೂರನೇ ಒಂದು ಪಾಲು ಹೋಗಿತ್ತು. ಮೂರನೆಯದರಲ್ಲಿ ಅರ್ಧಕ್ಕರ್ಧ ಇರಲಿಲ್ಲ. ನಾಲ್ಕನೆಯದೂ ಹಾಗೇ. ಮೊದಲನೆಯದು ಕಾರ್ಡಿನ ತುದಿಯಲ್ಲಿ, ಗಾಳಿ ಆಡುವ ಕಡೆ ಇದ್ದದ್ದು. ಉಳಿದವು ಒಳಗಡೆ ಬೆಂದಿದ್ದವು.

ಅಧಿಕಾರಿ ಎದ್ದು ಬಂದು ಮೀಟರನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಅಳೆದರು. ಮತ್ತೆ ಅಳೆದರು.

"ಇದು ಇನ್ನೆಷ್ಟು ದಿನ ಓಡ್ತಿತ್ತು?"

"ದಿನ ಹೇಳಲಾರೆ ಸಾರ್. ಸಾಯೋ ದಾರಿಯಲ್ಲಿತ್ತು ಅನ್ನೋದನ್ನ ಹೇಳಬಲ್ಲೆ. ಅಲ್ಲಿ ಯಾರೂ ಏನೂ ಸರಿಸಿಲ್ಲ. ಪಿರಿಯಾಪಟ್ಟಣದ ಲೈನ್‌ಮನ್ ಸರಿಸಿದ, ಸರಿಸಿದ್ದರಿಂದ ಬೇಗ ಕೆಟ್ಟಿತು, ಬರೆದಿದ್ದೀನಿ. ತೇವವಿಲ್ಲದ ಜಾಗದಲ್ಲಿಡಿ ಅಂತ ಪುಸ್ತಕ ಮಾಡಿದವರು ನಾವು. ಅವನು ಇಟ್ಟ."

ಅಧಿಕಾರಿ ತಮ್ಮ ಸಹಾಯಕನ ಕಡೆ ತಿರುಗಿ, ಬ್ಯಾರನ್ನಿಗೆ ಅಂಟಿಕೊಂಡ ಇಂಥ ಕೋಣೆ ನಮ್ಮವು ಇನ್ನೆಷ್ಟಿವೆ ಎಂದು ಕೇಳಿದರು. ಅವನು ಬೆರಳು ಮಡಿಸುತ್ತಾ ಹೋದ. ನಡುವೆಯೇ ಅವನನ್ನು ನಿಲ್ಲಿಸಿ ಅವರು ಬರೆಯಲು ಕೂತರು: ಕೋಣೆಗಳನ್ನು ಬದಲಾಯಿಸುವುದು, ಅದುವರೆಗೆ ಎಲ್ಲ ಕಾರ್ಡುಗಳಿಗೂ ಕಾರ್ಖಾನೆಯವರು ತಮ್ಮ ಖರ್ಚಿನಲ್ಲಿ ಮೇಲ್ದರ್ಜೆಯ ಕೆಪಾಸಿಟರ್ ಹಾಕಿಕೊಡುವುದು, ಸಿಬ್ಬಂದಿಯ ಲೋಪ ಕಂಡುಬಂದಿಲ್ಲ. ಮ್ಯಾನೇಜರ್ ಬ್ಯಾಗು ಮುಚ್ಚಿಕೊಂಡು ನನಗಿಂತ ಮೊದಲೇ ಎದ್ದು ಹೋದರು.

ನಾನು ಜಗಲಿಗೆ ಬಂದಾಗ ಲೈನ್‌ಮನ್ ನಿಂತಲ್ಲೇ ನಿಂತಿದ್ದ. ನಿನ್ನದೇನೂ ತಪ್ಪಿಲ್ಲ ಎಂದು ಬರೆದಿದ್ದಾರಪ್ಪ, ಕಡತಕ್ಕೆ ಏನೂ ಆಗುವುದಿಲ್ಲ ಎಂದು ಹೇಳಿದೆ. ಅವನು ನಂಬಲಿಲ್ಲ.

"ನಾನ್ ಗೋಡೆಗೆ ಸರಿಸಿದ್ದುನ್ನ ಬರ‍್ದಿದ್ರಾ?"

"ಬರೆದಿದ್ದೆ."

"ಸಾಹೇಬ್ರು ಓದುದ್ರಾ?"

"ನಮ್ಮ ಮ್ಯಾನೇಜರೇ ಅವರ ಮುಂದೆ ಎರಡೆರಡು ಸಲ ಗಟ್ಟಿಯಾಗಿ ಓದಿದರು."

"ಆದ್ರೂವಾ?"

"ಆದ್ರೂ."

ಅವನು ಮೆಟ್ಟಿಲ ಮೇಲೆ ಕುಸಿದು ಕೂತು, ಇಸ್ತ್ರಿ ಮಾಡಿದ ಅಂಗಿಯ ತೋಳಿಗೆ ಮುಖ ಒತ್ತಿಕೊಂಡು ಗಟ್ಟಿಯಾಗಿ ಅತ್ತ.